ಏನೂ ಮಾಡಲ್ಲ, ಬನ್ನಿ

ಗಂಡ: ಇನ್ನೊಂದು ಸಲ ಕೇಳು. ಕಿವಿ ಕೊಟ್ಟು ಕೇಳು.

ಹೆಂಡತಿ: ಬೆಳಗ್ಗೆಯಿಂದ ಕೊಡ್ತಾನೇ ಇದೀನಿ ರೀ. ಇನ್ನು ನನ್ನ ಹತ್ರ ಉಳಿದಿರೋದು ಮೂಗು ಒಂದೇ.

ಗಂಡ ರಿಮೋಟ್ ಒತ್ತಿದ. ಟಿವಿಯಲ್ಲಿ ಚಿತ್ರ ಹಿಂದಕ್ಕೆ ಓಡಿ ಮತ್ತೆ ಮೊದಲಿನಿಂದ ಶುರುವಾಯಿತು. ಇದೇ ಮನೆಯ ಗೇಟು, ಅದರಾಚೆ ಅಂಗಳ. ಅಂಗಳದಲ್ಲಿ ಒಬ್ಬ ಮನುಷ್ಯ ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಊರಿ, ಅದರ ಮೇಲ್ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತಿದ್ದಾನೆ. ಸೋಫಾದ ಅಂಚಿನಲ್ಲಿ ಈಗ ರಿಮೋಟ್ ಹಿಡಿದು ಕೂತಿರುವವನೇ ಅವನು. ಚಿತ್ರದಲ್ಲಿ ಅವನು ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಲ್ಲಿಂದಲೋ ಹೆಂಡತಿಯ ದನಿ ಕೇಳುತ್ತದೆ: "ಏನೂ ಮಾಡಲ್ಲ, ಬನ್ನಿ. ವಯಸ್ಸಾಯ್ತು. ಊಟ ಹಾಕಿದ್ರೆ ಆಯ್ತು, ಆಮೇಲೆ ಮಲಗೋದೇ." ಆ ಮಾತು ಮುಗಿಯುತ್ತಿದ್ದಂತೆ ಅವನ ತಲೆಯ ಮೇಲೆ 'ನೆಲಕ್ಕೆ ಕಿವಿ' ಎಂದು ಸಾಕ್ಷ್ಯಚಿತ್ರದ ಹೆಸರು ಮೂಡುತ್ತದೆ.

ಗಂಡನ ಕೆಲಸ ನೀರಿನ ಇಲಾಖೆಯಲ್ಲಿ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂಬುದನ್ನು ಸಲಾಕೆಗೆ ಕಿವಿಯಿಟ್ಟು ಹೇಳುವುದು. ನೋಡುವವರಿಗೆ ಅದು ನಿಂತಿರುವುದಷ್ಟೇ. ಹಾಗಾಗಿ ಆಫೀಸಿನಲ್ಲಿ ಅವನಿಗೆ 'ಕಂಬ' ಎಂದು ಹೆಸರು. ಇತ್ತೀಚೆಗೆ ಸೋರಿಕೆ ಹುಡುಕುವ ಯಂತ್ರವೊಂದು ಬಂದ ಮೇಲಂತೂ, ಕಂಬಕ್ಕೂ ಸಂಬಳ ಬೇಕೇ ಎಂಬ ಮಾತು ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು. ಇದಕ್ಕೆಲ್ಲ ತನ್ನ ಕೆಲಸದ ಬಗೆಗಿನ ಈ ಸಿನಿಮಾವೇ ಉತ್ತರ ಕೊಡುತ್ತದೆಂದು ಅವನು ನಂಬಿದ್ದ. ಶನಿವಾರ ಚಿತ್ರೋತ್ಸವದಲ್ಲಿ ಪ್ರದರ್ಶನ, ಆಮೇಲೆ ಟಿವಿಯಲ್ಲಿ, ಅದಾದ ಮೇಲೆ ಮನೆಯಲ್ಲಿಟ್ಟುಕೊಂಡು ನೋಡುವ ಡಿಸ್ಕು. ಮನೆಯವರು ಮುಂಚಿತವಾಗಿ ನೋಡಲಿ ಎಂದು ನಿರ್ದೇಶಕಿ ಒಂದು ಪೆನ್‌ಡ್ರೈವ್ ಕೊಟ್ಟುಹೋಗಿದ್ದಳು. ಮನೆಯ ಶಾಂತಿ ಕೆಟ್ಟದ್ದು ಅದರಿಂದಲೇ.

ಗಂಡ: ಇಡೀ ಆಫೀಸಿಗೆ ನಾನೇ ಕೈಯಾರೆ ಟಿಕೆಟ್ ಹಂಚಿ ಬಂದಿದ್ದೀನಿ. ದೊಡ್ಡ ಇಂಜಿನಿಯರ್ ಸಾಹೇಬರಿಗೂ ಕೊಟ್ಟಿದ್ದೀನಿ. ಬನ್ನಿ ಸಾರ್, ನಾನೇನು ಮಾಡ್ತೀನಿ ಅಂತ ನೋಡಿ ಅಂದೆ. ಇಲ್ಲಿ ನೋಡಿದ್ರೆ, ಸಿನಿಮಾ ಹೆಸರು ಬರೋದಕ್ಕೆ ಮುಂಚೇನೇ ನನ್ನ ಹೆಂಡತಿ ಉತ್ತರ ಕೊಟ್ಟು ಕೂತಿದ್ದಾಳೆ.

ಹೆಂಡತಿ: ಅದು ನಿಮ್ಮ ಬಗ್ಗೆ ಅಲ್ಲ, ನಾಯಿ ಬಗ್ಗೆ. ಗೇಟಿಗೆ ಬಂದವರಿಗೆ ಎಲ್ಲರೂ ಹೇಳೋ ಮಾತು.

ಗಂಡ: ನಾಯಿ ಎಲ್ಲಿದೆ ಇದರಲ್ಲಿ?

ಹೆಂಡತಿ: ಗೇಟಿನ ಹತ್ರ ಇತ್ತು.

ಗಂಡ: ಗೇಟು ಕಾಣುತ್ತೆ. ಗೇಟಿನ ಚಿಲಕ ಕಾಣುತ್ತೆ. ಚಿಲಕಕ್ಕೆ ಹಿಡಿದ ತುಕ್ಕು ಕಾಣುತ್ತೆ. ನಾಯಿ ಮಾತ್ರ ಇಲ್ಲ. ಹೆಸರಿಗೆ ಸಾಕ್ಷ್ಯಚಿತ್ರ, ಸಾಕ್ಷೀನೇ ಬಿಟ್ಟಿದ್ದಾರೆ.

ಹೆಂಡತಿ: ಹಿಡಿಯದೇ ಇದ್ದದ್ದು ಕ್ಯಾಮೆರಾದ ತಪ್ಪು. ನನ್ನನ್ಯಾಕೆ ಹಿಡ್ಕೊಂಡಿದ್ದೀರಿ?

ಗಂಡ: ನಾಯಿ ಅಂದ್ಮೇಲೆ ಬೊಗಳಬೇಕಲ್ಲ. ಎಷ್ಟು ಸಲ ಹಾಕಿ ಕೇಳಿದ್ರೂ ಬೊಗಳಿದ ಸದ್ದೇ ಇಲ್ಲ. ಬೀದಿಯಲ್ಲಿ ಸೈಕಲ್ ಹೋದದ್ದಿದೆ, ಪಕ್ಕದ ಮನೆ ಮೋಟರ್ ಇದೆ, ನಿನ್ನ ಚಪ್ಪಲಿ ಇದೆ.

ಹೆಂಡತಿ: ಬೊಗಳದೇ ಇದ್ರೂ ನಾಯಿ ನಾಯೀನೇ.

ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಒಂದು ಹೋಟೆಲಿನವರಿಗೆ ದಿಂಬಿನ ಕವರುಗಳನ್ನು ಹೊಲಿದುಕೊಡುವುದು ಅವಳ ಕೆಲಸ. ಹೊಲಿದದ್ದು ಒಂದು ಕಡೆ, ಹೊಲಿಯಬೇಕಾದದ್ದು ಇನ್ನೊಂದು ಕಡೆ ರಾಶಿ ಬಿದ್ದಿತ್ತು. ಉತ್ತರ ಕೊಡಲು ಮನಸ್ಸಿಲ್ಲದಾಗ ಅವಳು ಯಂತ್ರವನ್ನು ಓಡಿಸುತ್ತಿದ್ದಳು. ಆ ಬೆಳಗ್ಗೆ ಕವರುಗಳು ಬೇಗ ಬೇಗ ಮುಗಿಯುತ್ತಿದ್ದವು.

ಗಂಡ: ಆ ಬಾಬಿನ್ ಸಡಿಲವಾಗಿದೆ.

ಹೆಂಡತಿ: ಬಾಬಿನ್ ಸಡಿಲ ಆದದ್ದು ಕೇಳುತ್ತೆ. ಅಡುಗೆಮನೆಯಿಂದ ನಾಲ್ಕು ಸಲ ಕರೆದದ್ದು ಕೇಳಲ್ಲ.

ಗಂಡ: ಮಾತು ತಿರುಗಿಸಬೇಡ. ಸರಿ, ನಾಯಿ ಅಂತಾನೇ ಇಟ್ಕೊಳ್ಳೋಣ. 'ವಯಸ್ಸಾಯ್ತು' ಅಂದಿದ್ದೀಯ.

ಹೆಂಡತಿ: ನಾಯಿಗೂ ವಯಸ್ಸಾಗುತ್ತೆ. ಮತ್ತೆ, 'ಊಟ ಹಾಕಿದ್ರೆ' ಅಂದಿದ್ದೀನಿ, ಅದನ್ನ ಗಮನಿಸಿ. ಹಾಕೋದು ನಾಯಿಗೆ. ಗಂಡನಿಗೆ ಯಾರಾದ್ರೂ ಹಾಕ್ತಾರಾ? ಬಡಿಸ್ತಾರೆ.

ಗಂಡ: ನಿನ್ನೆ ರಾತ್ರಿ ಏನಂತ ಕೇಳಿದೆ?

ಹೆಂಡತಿ: ಏನು ಕೇಳಿದೆ?

ಗಂಡ: 'ರೀ, ಊಟ ಹಾಕ್ಲಾ' ಅಂದೆ. ಇಷ್ಟು ವರ್ಷ ಅದನ್ನೇ ಕೇಳಿದ್ದೀಯ. ನಾನೂ ಬಾಲ ಅಲ್ಲಾಡಿಸ್ಕೊಂಡು ಬಂದಿದ್ದೀನಿ.

ಯಂತ್ರ ಓಡಿತು. ಅದು ನಿಲ್ಲುವವರೆಗೆ ಗಂಡ ಕಾದ. ನಿಂತಕೂಡಲೇ, ಕನ್ನಡ ಮಾತಾದರೆ ಹೇಗೋ ನುಂಗಿಕೊಳ್ಳಬಹುದಿತ್ತು, ಆದರೆ ಕೆಳಗೆ ಇಂಗ್ಲಿಷಿನಲ್ಲಿ ಏನು ಬರೆದಿದ್ದಾರೆ ನೋಡು ಎಂದು ಟಿವಿಯ ಹತ್ತಿರ ಹೋಗಿ ಅಕ್ಷರಗಳ ಮೇಲೆ ಬೆರಳಿಟ್ಟ. 'ಹಿ ಡಸ್ ನಥಿಂಗ್.' ಹಿ ಅಂದರೆ ಗಂಡಸು. ನಾಯಿಗಾಗಿದ್ದರೆ ಇಟ್ ಅನ್ನುತ್ತಿದ್ದರು. ಚಿತ್ರೋತ್ಸವಕ್ಕೆ ಬರುವ ಪರದೇಶದ ತೀರ್ಪುಗಾರರೆಲ್ಲ ಇದನ್ನೇ ಓದುತ್ತಾರೆ. ನೀರಿನ ಇಲಾಖೆ ಅಲ್ಲಿಯೂ ಇರುತ್ತದಲ್ಲ, ನಾನು ಏನೂ ಮಾಡುವುದಿಲ್ಲವೆಂದು ಇನ್ನು ಅಲ್ಲಿಗೂ ಗೊತ್ತಾಗುತ್ತದೆ ಎಂದು ಕೊರಗಿದ. ಅಲ್ಲಿಯವರು ನಿಮಗೆ ಸಂಬಳ ಕೊಡುವುದಿಲ್ಲವಲ್ಲ ಎಂದು ಹೆಂಡತಿ ಸಮಾಧಾನ ಹೇಳಿದಳು. ಅದರಿಂದ ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ, ಗಂಡ ಫೋನ್ ಮಾಡಿ ಕರೆಸಿದ್ದ ನಿರ್ದೇಶಕಿ ಬಂದಳು. ಹೆಗಲಿಗೆ ದೊಡ್ಡ ಚೀಲ, ಕಣ್ಣಲ್ಲಿ ನಿದ್ದೆ. ಗಂಡ ದೂರನ್ನು ಮೊದಲಿನಿಂದ ಹೇಳಿದ. ಹೆಂಡತಿ ನಡುನಡುವೆ ತಿದ್ದಿದಳು. ನಿರ್ದೇಶಕಿ ಇಬ್ಬರನ್ನೂ ನೋಡುತ್ತ ನೋಡುತ್ತ ಪೆಚ್ಚಾದಳು.

ನಿರ್ದೇಶಕಿ: ನಾಯಿ ಬಗ್ಗೆನಾ ಅಮ್ಮ? ನಾನು ಸಾರ್ ಬಗ್ಗೆ ಅಂತಲೇ ತಿಳ್ಕೊಂಡಿದ್ದೆ.

ಗಂಡ: ಕೇಳಿಸ್ಕೊಂಡ್ಯಾ? ಓದಿದವರೇ ಹಾಗೆ ತಿಳ್ಕೊಂಡಿದ್ದಾರೆ. ತೆಗೆದುಬಿಡಮ್ಮ ಆ ಮಾತನ್ನ.

ನಿರ್ದೇಶಕಿ: ತೆಗೀಬಹುದು ಸಾರ್. ಆದ್ರೆ ಆ ಮಾತು ತೆಗೆದ್ರೆ ನೀವು ನಿಂತಿರೋದು ಮಾತ್ರ ಉಳಿಯುತ್ತೆ. ಯಾರೂ ಹೇಳದೇ ಇದ್ರೂ ನೋಡೋರಿಗೆ ಅದೇ ಅನ್ಸುತ್ತೆ.

ಹೆಂಡತಿ ಮುಖವನ್ನು ಯಂತ್ರದ ಕಡೆಗೆ ತಿರುಗಿಸಿದಳು. ಅವಳ ಹೆಗಲು ಸ್ವಲ್ಪ ಕುಲುಕಿತು.

ಗಂಡ: ಹಾಗಾದ್ರೆ ನಾಯೀನ ಸೇರಿಸು. ನಾಯಿ ಒಂದು ಸಲ ಬಂದುಹೋದ್ರೆ ಸಾಕು, ಮಾತು ಅದರ ತಲೆಗೆ ಹೋಗುತ್ತೆ.

ನಿರ್ದೇಶಕಿ: ನಾಯೀನ ಬಹಳ ಸಲ ಚಿತ್ರೀಕರಿಸಿದ್ವಿ ಸಾರ್. ಯಾವಾಗ ನೋಡಿದ್ರೂ ಮಲಗಿರುತ್ತೆ. ಬಾಲದ ತುದೀನೂ ಅಲ್ಲಾಡಲ್ಲ. ನೋಡೋರು ಟಿವಿ ಕೆಟ್ಟು ಚಿತ್ರ ನಿಂತುಹೋಯ್ತು ಅಂದ್ಕೋತಾರೆ ಅಂತ ತೆಗೆದೆ.

ಆದರೂ ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಹುಡುಕಿದಳು. ನಾಯಿ ಕಣ್ಣು ಬಿಟ್ಟಿರುವ ಒಂದು ತುಣುಕು ಸಿಕ್ಕಿತು. ಅದನ್ನು ಗೇಟಿನ ಚಿತ್ರಕ್ಕೆ ಜೋಡಿಸಿ, ಕೆಳಗಿನ 'ಹಿ'ಯನ್ನು 'ಇಟ್' ಮಾಡಿ ತೋರಿಸಿದಳು. ಈಗ ಎಲ್ಲವೂ ಸರಿಹೋಗಿತ್ತು. ಏನೂ ಮಾಡದ್ದು ನಾಯಿ, ವಯಸ್ಸಾದದ್ದು ನಾಯಿಗೆ, ತಿಂದು ಮಲಗುವುದೂ ನಾಯಿಯೇ. ಗಂಡ ಆರಾಮವಾಗಿ ಸೋಫಾಕ್ಕೆ ಒರಗಿದ. ಚಹಾ ಕುಡಿದು ಹೋಗು ಎಂದು ನಿರ್ದೇಶಕಿಗೆ ಉಪಚಾರವನ್ನೂ ಹೇಳಿದ. ಆದರೆ ಅವಳು ಲ್ಯಾಪ್‌ಟಾಪ್ ಮುಚ್ಚಲಿಲ್ಲ.

ನಿರ್ದೇಶಕಿ: ಸಾರ್, ಒಂದು ತೊಂದರೆ ಇದೆ. ಸಿನಿಮಾದ ಕೊನೇ ಮಾತು.

ಗಂಡ: ಕೊನೇ ಮಾತಿಗೆ ಏನಾಗಿದೆ? ಅದು ಚೆನ್ನಾಗಿದೆ. ಅದನ್ನ ಮುಟ್ಟಬೇಡ.

ನಿರ್ದೇಶಕಿ: ಅದರಲ್ಲೂ ಯಾರು ಅಂತ ಹೇಳಿಲ್ಲ ಸಾರ್.

ಟಿವಿಯಲ್ಲಿ ಕೊನೆಯ ದೃಶ್ಯವನ್ನು ಹಾಕಿದಳು. ಹೆಂಡತಿಯ ಮುಖ ಕಾಣುವುದಿಲ್ಲ. ಬೆನ್ನು, ಜಡೆ, ಹೊಲಿಗೆ ಯಂತ್ರದ ಚಕ್ರ, ಅಷ್ಟೇ. ಬಟ್ಟೆಯ ಮೇಲೆ ಕಣ್ಣಿಟ್ಟುಕೊಂಡೇ ಅವಳು ಹೇಳುತ್ತಾಳೆ: "ಕಿವಿ ಮಾತ್ರ ಬಹಳ ಚುರುಕು. ಎಂಥಾ ನಿದ್ದೇಲಿದ್ರೂ, ಎಲ್ಲಾದ್ರೂ ಒಂದು ಸಣ್ಣ ಸದ್ದಾದ್ರೆ ಎದ್ದು ಕೂರೋದೇ. ಮೊದಮೊದಲು ಸಿಟ್ಟು ಬರ್ತಿತ್ತು. ಈಗ, ಆ ಕಿವಿ ಹತ್ರದಲ್ಲೇ ಇದೆ ಅನ್ನೋ ಧೈರ್ಯಕ್ಕೇ ನನಗೆ ನಿದ್ದೆ ಬರೋದು."

ಟಿವಿಯ ಮಾತಿನ ಜೊತೆಗೆ ಗಂಡನ ತುಟಿಗಳೂ ಅಲ್ಲಾಡುತ್ತಿದ್ದವು. ಆ ಭಾಗವನ್ನು ಅವನು ಒಬ್ಬನೇ ಇರುವಾಗ ಎಷ್ಟು ಸಲ ಹಾಕಿಕೊಂಡು ನೋಡಿದ್ದನೋ, ಒಂದಕ್ಷರವೂ ತಪ್ಪಲಿಲ್ಲ. ಹೆಂಡತಿ ಅದನ್ನು ಗಮನಿಸಿ, ಕತ್ತರಿ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದಳು.

ನಿರ್ದೇಶಕಿ: ಶುರುವಿನಲ್ಲಿ ನಾಯಿ ತೋರಿಸಿ 'ಏನೂ ಮಾಡಲ್ಲ' ಅಂದ್ರೆ, ಕೊನೇಲಿ 'ಕಿವಿ ಚುರುಕು' ಅಂದಾಗಲೂ ನೋಡೋರು ನಾಯಿ ಅಂತಾನೇ ಅಂದ್ಕೋತಾರೆ. ಕಣ್ಣೊರೆಸ್ಕೊಳ್ಳೋ ಜಾಗದಲ್ಲಿ ನಗ್ತಾರೆ. ಇಂಗ್ಲಿಷಿನಲ್ಲಿ ಯಾರು ಅಂತ ಹೇಳದೆ ವಾಕ್ಯಾನೇ ಮುಂದಕ್ಕೆ ಹೋಗಲ್ಲ. ಅಲ್ಲಿ ಹಿ ಹಾಕ್ಲಾ, ಇಟ್ ಹಾಕ್ಲಾ?

ಗಂಡ: ಹಿ ಹಾಕು. ಇದರಲ್ಲಿ ಕೇಳೋದೇನಿದೆ?

ನಿರ್ದೇಶಕಿ: ಶುರುವಿನದ್ದಕ್ಕೂ ನಾನು ಹೀಗೇ ಕೇಳದೆ ಹಾಕಿದ್ದೆ ಸಾರ್. ಈ ಸಲ ಅಮ್ಮನೇ ಹೇಳ್ಲಿ. ಅಮ್ಮ, ಅದು ಯಾರ ಕಿವಿ?

ಯಂತ್ರ ಓಡಿತು. ಒಂದು ಕವರು ಮುಗಿಯಿತು. ಇನ್ನೊಂದು ಕವರು ಯಂತ್ರದ ಕೆಳಗೆ ಹೋಯಿತು.

ಗಂಡ: ಹೇಳು. ಯಾರ ಕಿವಿ?

ಹೆಂಡತಿ: ಯಾವತ್ತೋ ಆಡಿದ ಮಾತು. ಈಗ ಯಾರಿಗೆ ನೆನಪಿರುತ್ತೆ?

ಗಂಡ: ಗೇಟಿನಲ್ಲಿ ಆಡಿದ್ದು ನಾಯಿಗೆ ಅಂತ ನೆನಪಿದೆ. ಇದು ಅದಕ್ಕಿಂತ ಈಚಿನದು.

ಹೆಂಡತಿ: ನಾಯೀದು ಅಂತ ಹಾಕ್ಕೊಳ್ಳಮ್ಮ. ರಾತ್ರಿ ನಾಯಿ ನನ್ನ ಮಂಚದ ಕೆಳಗೇ ಮಲಗೋದು. ಹತ್ರದಲ್ಲೇ.

ಗಂಡ ರಿಮೋಟನ್ನು ಮೇಜಿನ ಮೇಲಿಟ್ಟು, ಅದು ಮೇಜಿನ ಅಂಚಿಗೆ ಸಮವಾಗಿರುವಂತೆ ಸರಿಪಡಿಸಿದ. ಬೆಳಗ್ಗಿನಿಂದ ನಡೆದ ಜಗಳದಲ್ಲಿ ಅವನು ಇಷ್ಟು ಸುಮ್ಮನಾದದ್ದು ಇದೇ ಮೊದಲು. ಹೆಂಡತಿಗೆ ಅದು ಹಿಡಿಸಲಿಲ್ಲವೆಂಬುದು ಅವಳ ಹೊಲಿಗೆ ಸೊಟ್ಟಗೆ ಹೋದದ್ದರಲ್ಲಿ ಕಂಡಿತು.

ನಿರ್ದೇಶಕಿಗೆ ಕೆಲಸ ಮುಗಿಯುವುದೇ ಮುಖ್ಯ. ಸುಮ್ಮನಿರುವುದು ಅವಳಿಗೆ ಬರುತ್ತಿರಲಿಲ್ಲ. ಹಾಗಿದ್ದರೆ ಕೊನೆಯ ಮಾತಿಗೂ ನಾಯಿಯೇ ಬೇಕು, ಸಣ್ಣ ಸದ್ದಿಗೆ ಅದು ಎದ್ದು ಕೂರುವ ಒಂದು ತುಣುಕು ಈಗಲೇ ತೆಗೆದುಕೊಂಡುಬಿಡುತ್ತೇನೆ ಎಂದು ಚೀಲದಿಂದ ಕ್ಯಾಮೆರಾ ತೆಗೆದಳು. ಸದ್ದು ಮಾಡುವ ಕೆಲಸ ಗಂಡನ ಪಾಲಿಗೆ ಬಂತು. ಅವನು ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದ.

ಹೆಂಡತಿ: ಬೇಡ ರೀ. ಪಾಪ, ಈಗ ತಾನೇ ಮಲಗಿದೆ.

ಗಂಡ: ಇರಲಿ. ಅದಕ್ಕೂ ಸಿನಿಮಾದಲ್ಲಿ ಹೆಸರು ಬರೋದು ಬೇಡವಾ? ಪುಣ್ಯ ಮಾಡಿದೆ.

ಹೆಂಡತಿ: ನಾನು ಹೇಳ್ತಿರೋದು ಕೇಳಿ. ತಟ್ಟೆ ನೆಗ್ಗುತ್ತೆ.

ಮೂವರೂ ಹಿಂದಿನ ವರಾಂಡಕ್ಕೆ ಬಂದರು. ನಾಯಿ ಗೋಣಿಚೀಲದ ಮೇಲೆ ಮಲಗಿತ್ತು. ನಿರ್ದೇಶಕಿ ಕ್ಯಾಮೆರಾ ಹಿಡಿದು ಕೈ ಮಾಡಿದಳು. ಗಂಡ ತಟ್ಟೆಯನ್ನು ನಾಯಿಯ ತಲೆಯ ಹಿಂದೆ ಕಲ್ಲಿನ ಮೇಲೆ ಬೀಳಿಸಿದ. ಪಕ್ಕದ ಮನೆಯ ಕಿಟಕಿ ತೆರೆಯಿತು. ಅದರಾಚೆಯ ಮನೆಯಲ್ಲಿ ಮಗು ಅಳತೊಡಗಿತು. ನಾಯಿ ಮಲಗಿಯೇ ಇತ್ತು.

ತಟ್ಟೆ ಸಣ್ಣದಾಯಿತೇನೋ ಎಂದು ನಿರ್ದೇಶಕಿ ಅಂದಳು. ಗಂಡ ತಟ್ಟೆಯನ್ನು ಬದಿಗಿಟ್ಟು, ಕುಕ್ಕುರುಗಾಲಲ್ಲಿ ಕೂತು, ನಾಯಿಯ ಒಂದು ಕಿವಿಯ ಹಿಂದೆ ಚಪ್ಪಾಳೆ ಹೊಡೆದ. ಇನ್ನೊಂದರ ಹಿಂದೆಯೂ ಹೊಡೆದ. ಕಿವಿ ತಿರುಗಲಿಲ್ಲ. ಕೊನೆಗೆ ಎದ್ದು ನಿಂತು, ದೂರದಿಂದ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಗುದ್ದಿದ. ನೆಲ ಅದುರಿದ್ದಕ್ಕೆ ನಾಯಿ ತಲೆಯೆತ್ತಿ ಅವನನ್ನು ನೋಡಿತು.

ಗಂಡ: ಇದು ಕಿವುಡು.

ಹೆಂಡತಿ ನೆಲದ ಮೇಲಿನ ತಟ್ಟೆಯನ್ನು ಎತ್ತಿಕೊಂಡಳು. ನೆಗ್ಗಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು.

ಗಂಡ: ಯಾವಾಗಿಂದ?

ಹೆಂಡತಿ: ಎರಡು ವರ್ಷದ ಮೇಲಾಯ್ತು.

ಗಂಡ: ನನಗ್ಯಾಕೆ ಹೇಳಲಿಲ್ಲ? ಕರೆದ್ರೆ ತಿರುಗಿ ನೋಡಲ್ಲ, ನಾಯೀಗೂ ನನ್ನ ಮೇಲೆ ಅಸಡ್ಡೆ ಅಂತ ನಾನು ಅಂದ್ಕೊಂಡಿದ್ದೆ.

ಹೆಂಡತಿ: ನೀವು ಕಿವಿ ಕೆಲಸದವರು. ನಿಮಗೇ ಗೊತ್ತಾಗುತ್ತೆ ಅಂತ ಕಾದೆ. ಆಮೇಲೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ ನೋಡೋಣ ಅಂತ ಕಾದೆ.

ಗಂಡನ ಮನಸ್ಸು ನಿಧಾನ, ಆದರೆ ಒಂದು ಮೆಟ್ಟಿಲನ್ನೂ ಬಿಡದೆ ಹತ್ತುವಂಥದ್ದು. ಅವನು ನಾಯಿಯನ್ನು ನೋಡಿದ, ತಟ್ಟೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

ಗಂಡ: ಅಂದ್ರೆ, ಸಣ್ಣ ಸದ್ದಾದ್ರೂ ಎದ್ದು ಕೂರೋ ಕಿವಿ...

ಹೆಂಡತಿ: ಸಾಕು, ಒಳಗೆ ನಡೀರಿ.

ಗಂಡ: ಹತ್ರದಲ್ಲೇ ಇದೆ ಅನ್ನೋ ಧೈರ್ಯಕ್ಕೇ...

ಹೆಂಡತಿ: ನಿಮ್ಮದೇ, ಆಯ್ತಾ? ಆ ಕಿವಿ ನಿಮ್ಮದೇ. ಮುಖ ನೋಡ್ಕೊಂಡು ಹೇಳೋ ಮಾತಾ ಅದು? ಈ ಹುಡುಗಿ ಕೇಳಿದ್ಲು, ಮಿಷನ್ ಕಡೆ ನೋಡ್ಕೊಂಡು ಹೇಳ್ದೆ. ಅದನ್ನ ಊರಿಗೆಲ್ಲ ತೋರಿಸ್ತಾಳೆ ಅಂತ ನನಗೇನು ಗೊತ್ತು?

ಪಕ್ಕದ ಮನೆಯ ಕಿಟಕಿ ಇನ್ನೂ ತೆರೆದೇ ಇತ್ತು. ಗಂಡ ಅತ್ತ ತಿರುಗಿ, ಏನಿಲ್ಲ, ತಟ್ಟೆ ಬಿತ್ತು ಎಂದು ಬಹಳ ಪ್ರೀತಿಯಿಂದ ತಿಳಿಸಿದ.

ಒಳಗೆ ಬಂದ ಮೇಲೆ ಅವನ ದನಿಯೇ ಬೇರೆಯಾಗಿತ್ತು. ಲೆಕ್ಕ ಈಗ ಸರಿಯಾಗಿದೆ, ಮೊದಲ ಮಾತಿಗೆ ಇಟ್, ಕೊನೆಯ ಮಾತಿಗೆ ಹಿ, ಅನುಮಾನ ಬರುವವರಿಗೆ ಬೇಕಿದ್ದರೆ ತಟ್ಟೆ ಬೀಳುವುದನ್ನೂ ತೋರಿಸು ಎಂದು ನಿರ್ದೇಶಕಿಗೆ ವಿವರಿಸಿದ. ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತ, ಹಾಕಿದ್ದನ್ನು ಮತ್ತೆ ತೆಗೆಯುತ್ತ ಹಿಂದೆ ಮುಂದೆ ನೋಡಿದಳು.

ನಿರ್ದೇಶಕಿ: ಸಾರ್, ಸಾಕ್ಷ್ಯಚಿತ್ರ ಮಾಡೋಳು ನಾನು. ಇಲ್ಲದ್ದನ್ನ ಇದೆ ಅಂತ ತೋರಿಸಬಾರದು. ಆವತ್ತು ಗೇಟಿನಲ್ಲಿ ನಾನು ನಾಯೀನ ನೋಡೇ ಇರಲಿಲ್ಲ.

ಗಂಡ: ಮತ್ತೆ ಯಾಕೆ ಒಳಗೆ ಬರದೆ ನಿಂತೆ?

ನಿರ್ದೇಶಕಿ: ನಿಮಗೆ ಹೆದರಿ ಸಾರ್. ಗೇಟಿನಿಂದಲೇ ಕ್ಯಾಮೆರಾ ಆನ್ ಮಾಡ್ಕೊಂಡು ಬರೋದು ನಮ್ಮ ಅಭ್ಯಾಸ. ಬಂದು ನೋಡಿದ್ರೆ ಒಬ್ಬರು ಕಬ್ಬಿಣದ ಸಲಾಕೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಾರೆ. ಎರಡು ಸಲ 'ಸಾರ್' ಅಂದೆ, ಆ ದನೀನ ಸಿನಿಮಾದಲ್ಲಿ ತೆಗೆದಿದ್ದೀನಿ. ಉತ್ತರ ಇಲ್ಲ. ಕ್ಯಾಮೆರಾದವರು ನನ್ನ ಬೆನ್ನ ಹಿಂದೆ ಹೋದ್ರು. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದು 'ಏನೂ ಮಾಡಲ್ಲ, ಬನ್ನಿ' ಅಂದ್ರು.

ಗಂಡ ಹೆಂಡತಿಯ ಕಡೆ ತಿರುಗಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಆಗಲೇ ಪೋಣಿಸಿಯೇ ಇತ್ತು.

ಗಂಡ: ನಾಯಿ ಅಂದೆಯಲ್ಲ?

ಹೆಂಡತಿ: ನಾಯಿ ಅಂದ್ರೆ ಜಗಳ ಮುಗಿಯುತ್ತೆ ಅಂದ್ಕೊಂಡೆ. ಈ ಸಿನಿಮಾ ಮಕ್ಕಳು ಹೆದರಿ ನಿಂತಿದ್ರು ರೀ. ಇವರು ಹೊಡೆಯಲ್ಲ, ಬಡಿಯಲ್ಲ, ಬನ್ನಿ ಅಂತ ಹೇಳ್ದೆ. ಕೆಲಸ ಮಾಡಲ್ಲ ಅಂತಲ್ಲ.

ಗಂಡ: ವಯಸ್ಸಾಯ್ತು ಅಂದದ್ದು?

ಹೆಂಡತಿ: ಧೈರ್ಯ ಬರಲಿ ಅಂತ.

ಗಂಡ: ಊಟ ಹಾಕಿದ್ರೆ ಮಲಗೋದೇ ಅಂದದ್ದು?

ಹೆಂಡತಿ: ಅದು ನಿಜ.

ನಿರ್ದೇಶಕಿ ಎರಡು ದಾರಿಯನ್ನೂ ಬಿಡಿಸಿ ಹೇಳಿದಳು. ಇಂಗ್ಲಿಷಿನಲ್ಲಿ 'ಹೊಡೆಯುವುದಿಲ್ಲ' ಎಂದು ಬರುವಂತೆ ತಿದ್ದಬಹುದು. ಆದರೆ ಆಫೀಸಿನವರು ಓದುವುದಿಲ್ಲ, ಕೇಳುತ್ತಾರೆ. ಅವರ ಕಿವಿಗೆ ಅದು ಏನೂ ಮಾಡುವುದಿಲ್ಲ ಎಂದೇ ಬೀಳುತ್ತದೆ, ಖಂಡಿತ ನಗುತ್ತಾರೆ. ಸಾರ್‌ಗೆ ಅಷ್ಟೊಂದು ಸಂಕಟವಾದರೆ ಮನಸ್ಸಿಗೆ ಒಪ್ಪದಿದ್ದರೂ ನಾಯಿಯನ್ನು ಉಳಿಸುತ್ತೇನೆ. ಆಗ ನಗು ನಾಯಿಯ ಪಾಲಿಗೆ ಹೋಗುತ್ತದೆ, ಜೊತೆಗೆ ಕೊನೆಯ ಮಾತೂ ಹೋಗುತ್ತದೆ. ನಾಯಿ ಇದ್ದರೆ ಎರಡೂ ನಾಯಿಗೆ, ಇಲ್ಲದಿದ್ದರೆ ಎರಡೂ ನಿಮಗೆ ಎಂದಳು.

ಗಂಡ: ಸಾಹೇಬರು ಮುಂದಿನ ಸಾಲಿನಲ್ಲಿ ಕೂರ್ತಾರೆ.

ನಿರ್ದೇಶಕಿ: ಹೌದು ಸಾರ್.

ಗಂಡ: ಶುರುವಿನಲ್ಲೇ ನಗ್ತಾರೆ.

ನಿರ್ದೇಶಕಿ: ನಗ್ತಾರೆ ಸಾರ್.

ಗಂಡ: ಕೊನೇವರೆಗೂ ಕೂತಿರ್ತಾರೆ ತಾನೆ?

ನಿರ್ದೇಶಕಿ: ನಕ್ಕವರು ಎದ್ದು ಹೋಗಲ್ಲ ಸಾರ್.

ಹೆಂಡತಿ ಹೊಲಿಯುತ್ತಿರಲಿಲ್ಲ. ಗಂಡ ಅವಳನ್ನು ನೋಡಲಿಲ್ಲ. ಆದರೆ ಯಂತ್ರ ನಿಂತಿದೆ ಎಂಬುದು ಅವನ ಕಿವಿಗೆ ಗೊತ್ತಿತ್ತು.

ಗಂಡ: ನಾಯೀನ ತೆಗೆದುಬಿಡಮ್ಮ.

ನಿರ್ದೇಶಕಿ: ನೀವೇ ಸೇರಿಸು ಅಂದ್ರಿ ಸಾರ್.

ಗಂಡ: ಅಂದಿದ್ದೆ. ಈಗ ಯೋಚಿಸಿದೆ. ಏನೂ ಮಾಡದೋರು ಒಂದು ಸಿನಿಮಾಕ್ಕೆ ಒಬ್ಬರು ಸಾಕು.